ಬೀಗರ ಮನೆಗೆ ಒಯ್ದ ತೀರ್ಪು

ನನ್ನ ನಾದಿನಿಯ ಮದುವೆಯನ್ನು ಕೊಂಡ್ಲಹಳ್ಳಿಯ ನಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿ ಮಾಡಿದೆವು. ತಾಳಿ ಕಟ್ಟಿ, ಅಕ್ಷತೆ ಬಿದ್ದು, ಗಂಡಿನ ಕಡೆಯವರು ಮೊದಲ ಪಂಕ್ತಿಗೆ ಕೂತಿದ್ದರು. ನಾನು ತುಪ್ಪದ ಪಾತ್ರೆ ಹಿಡಿದು ಎಲೆಯಿಂದ ಎಲೆಗೆ ಬಾಗುತ್ತಿದ್ದೆ. ಚಪ್ಪರದ ಕೊನೆಯ ಕಂಬದ ಆಚೆ ಮೊಳಕಾಲ್ಮೂರಿನ ನೇಕಾರ ಯಜಮಾನರು ನಿಂತದ್ದು ಕಂಡಿತು. ನಾದಿನಿ ಉಟ್ಟಿದ್ದ ಮುಹೂರ್ತದ ಸೀರೆ ನೆಯ್ದುಕೊಟ್ಟವರು ಅವರೇ. ಬಿಸಿಲಲ್ಲಿ ಬಸ್ಸು ಹತ್ತಿ ಹುಡುಗಿಯನ್ನು ಹರಸಲು ಬಂದಿದ್ದಾರೆ ಎಂದುಕೊಂಡು ನಾನೇ ಎದುರು ಹೋದೆ.

"ಬರ್ರಿ ಯಜಮಾನ್ರೆ, ಊಟಕ್ಕೆ ಕುಂದ್ರಿ."

"ಊಟ ಬ್ಯಾಡಮ್ಮಾ. ಒಂದು ಗಳಿಗೆ ಈ ಕಡೆ ಬಾ."

ನೀರಿನ ಟ್ಯಾಂಕರ್ ನಿಲ್ಲಿಸಿದ್ದ ಕಡೆಗೆ ಹೋದೆವು. ಅವರು ನನ್ನ ಮುಖ ನೋಡಲಿಲ್ಲ. ಟ್ಯಾಂಕರಿನ ನಲ್ಲಿಯಿಂದ ತೊಟ್ಟಿಕ್ಕುವ ನೀರನ್ನೇ ನೋಡುತ್ತ ಹೇಳಿದರು: "ನೀನು ಕೊಟ್ಟ ಚೆಕ್ಕು ವಾಪಸ್ ಬಂದೈತೆ. ಖಾತೆಯಾಗೆ ದುಡ್ಡಿಲ್ಲ ಅಂತ ಬರ್ದು ಕಳ್ಸವ್ರೆ. ಮದ್ವೆ ಮುಗೀಲಿ ಅಂತ ಸುಮ್ಕಿದ್ದೆ. ಆದ್ರೆ ರೇಷ್ಮೆ ಕೊಟ್ಟೋನು ಬೆಳಿಗ್ಗೆಯಿಂದ ನಮ್ಮ ಬಾಗ್ಲಾಗೆ ಕುಂತವ್ನೆ. ಇಲ್ದಿದ್ರೆ ನಾನು ಇವತ್ತು ಬರೋನಲ್ಲ."

ಏನೋ ತಪ್ಪಾಗಿದೆ, ದುಡ್ಡು ಇದೆ ಎಂದು ನಾನು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದೆ. ಅವರು ತಲೆ ಅಲ್ಲಾಡಿಸಿದರು, ಆದರೆ ಹೋಗಲಿಲ್ಲ. ಹೋಗುವಂತಿರಲಿಲ್ಲ. ಗಂಡನನ್ನು ಕರೆದೆ. ಊರಲ್ಲಿ ಹಿಟ್ಟಿನ ಗಿರಣಿ ನಡೆಸುವ ಅವರ ಕೈಯಲ್ಲಿ ಮದುವೆಯ ದಿನ ಉಳಿದ ದುಡ್ಡೇ ಇರಲಿಲ್ಲ. ಅವರು ಸೀದಾ, ಬಂದವರು ಕೊಡುವ ಮುಯ್ಯಿ ಬರೆಯುವ ಮೇಜಿನ ಹತ್ತಿರ ಹೋದರು. ಮುಯ್ಯಿ ಬರೆಯುತ್ತಿದ್ದವರು ನಮ್ಮ ದೊಡ್ಡಪ್ಪನ ಮಗ, ಕಿವಿ ಮಂದ, ಹಾಗಾಗಿ ದನಿ ಜೋರು. "ಇಷ್ಟು ಈಗ್ಲೇ ಯಾಕಪ್ಪ ಬೇಕು? ಯಾರಿಗೆ ಕೊಡ್ಬೇಕು?" ಎಂದು ಅವರು ಕೇಳಿದ್ದು ಪಂಕ್ತಿಯವರೆಗೂ ಕೇಳಿಸಿತು. ಎಲೆಯ ಮುಂದೆ ಕೂತಿದ್ದ ಬೀಗರು, ಗೌರಸಮುದ್ರದವರು, ತಲೆ ಎತ್ತಿ ನೋಡಿದರು. ವೇದಿಕೆಯ ಮೇಲೆ ಕೂತ ನಾದಿನಿ ನೋಡಿದಳು. ಯಜಮಾನರು ದುಡ್ಡನ್ನು ಎಣಿಸದೆ ಬನಿಯನ್ನಿನ ಜೇಬಿಗೆ ಹಾಕಿಕೊಂಡು, ಒಂದು ಸಲ ಆ ಸೀರೆಯ ಕಡೆ ಕಣ್ಣು ಹಾಯಿಸಿ, ಊಟ ಮಾಡದೆ ಹೊರಟುಹೋದರು.

ಸಂಜೆ ಗಂಡನ ಮನೆಗೆ ಹೊರಡುವ ಜೀಪು ಹತ್ತುವಾಗ ನಾದಿನಿ ನನ್ನನ್ನು ತಬ್ಬಿಕೊಂಡಳು. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಿವಿಯ ಹತ್ತಿರ, "ಸೀರೆ ದುಡ್ಡು ಕೊಟ್ಟಿರ್ಲಿಲ್ವಾ ಅತ್ತಿಗೆ?" ಎಂದು ಕೇಳಿದಳು.

"ಕೊಟ್ಟಿದ್ದೆ ಕಣೆ" ಎಂದೆ. ಜೀಪು ಹೊರಟಿತು.

ಆ ಸೀರೆಗೆ ಒಂದು ಹಿನ್ನೆಲೆ ಇದೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಾದಿನಿ ಲಂಗ ಹಾಕುವ ಹುಡುಗಿ. ಅವಳ ಅಪ್ಪ ತೀರಿಕೊಂಡಿದ್ದರು. ನನ್ನ ಮದುವೆಯ ಸೀರೆಯನ್ನು ಅವಳು ದಿನಾ ಟ್ರಂಕಿನಿಂದ ತೆಗೆದು ಸವರಿ ನೋಡುತ್ತಿದ್ದಳು. "ನಿನ್ನ ಮುಹೂರ್ತದ ಸೀರೆ ನಾನೇ ಕೊಡಿಸ್ತೀನಿ" ಎಂದು ಒಂದು ದಿನ ಹೇಳಿಬಿಟ್ಟೆ. ಹೇಳಿದ ಮೇಲೆ ಅದು ನನ್ನ ಪಾಲಿನ ಕೆಲಸವಾಯಿತು. ಅಂಗನವಾಡಿಯಲ್ಲಿ ನನಗೆ ಬರುವ ಗೌರವಧನ ಮನೆಗೆ ಆಗಿಹೋಗುತ್ತಿತ್ತು. ಸಂಜೆ ಹೊತ್ತು ಊರ ಹೆಂಗಸರಿಗೆ ರವಿಕೆ ಹೊಲಿದು ಬಂದದ್ದನ್ನು ಮಾತ್ರ ಚಳ್ಳಕೆರೆಯ ಒಂದು ಬ್ಯಾಂಕಿನಲ್ಲಿ ಇಡುತ್ತ ಬಂದೆ. ನನ್ನ ತವರು ದೊಡ್ಡಉಳ್ಳಾರ್ತಿ, ದನ ಕುರಿ ಮೇಯುವ ಕಾವಲಿನ ಪಕ್ಕ. ಕುರಿ ಕಾಯುವ ಮನೆತನ. ಅಪ್ಪ ಚಳ್ಳಕೆರೆ ಸಂತೆಗೆ ಕುರಿ ಹೊಡೆದುಕೊಂಡು ಹೋದ ಒಂದು ದಿನ ನನ್ನನ್ನೂ ಕರೆದುಕೊಂಡು ಹೋಗಿ ಅಲ್ಲಿ ಖಾತೆ ಮಾಡಿಸಿದ್ದ. ಮದುವೆಯಾದ ಮೇಲೂ ನಾನು ಅದನ್ನು ಬದಲಾಯಿಸಲಿಲ್ಲ. ತವರಿಗೆ ಹೋಗುವಾಗ, ಬರುವಾಗ ಅಲ್ಲಿ ಇಳಿದು ದುಡ್ಡು ಕಟ್ಟುತ್ತಿದ್ದೆ. ಆಮೇಲೆ ಅಪ್ಪ ಹೋದ, ತವರಿಗೆ ಹೋಗುವುದು ಕಡಿಮೆಯಾಯಿತು, ಪಾಸ್‌ಬುಕ್ ಎಂಟ್ರಿ ಹಾಕಿಸಿ ಎಷ್ಟೋ ಕಾಲವಾಗಿತ್ತು. ದುಡ್ಡು ಎಷ್ಟಿದೆ ಎಂದು ನನ್ನ ತಲೆಯಲ್ಲಿ ಲೆಕ್ಕವಿತ್ತು. ಆ ಲೆಕ್ಕದ ಮೇಲೆಯೇ ಚೆಕ್ಕು ಬರೆದುಕೊಟ್ಟಿದ್ದೆ.

ಮದುವೆಯ ಗದ್ದಲ ಇಳಿದ ಮೇಲೆ ಚಳ್ಳಕೆರೆಗೆ ಹೋದೆ. ಕೌಂಟರಿನಲ್ಲಿದ್ದ ಅಧಿಕಾರಿ ಚಿಕ್ಕ ವಯಸ್ಸಿನವನು, ಬೇರೆ ಜಿಲ್ಲೆಯವನು, ಮಾತಿನಲ್ಲಿ ಯಾವ ಕೆಟ್ಟತನವೂ ಇರಲಿಲ್ಲ. ಕಂಪ್ಯೂಟರ್ ನೋಡಿ ಒಂದೊಂದಾಗಿ ಹೇಳಿದ. ಖಾತೆಯಲ್ಲಿ ಕನಿಷ್ಠ ಇರಬೇಕಾದಷ್ಟೂ ಇರಲಿಲ್ಲ ಎಂದು ಹಲವು ತಿಂಗಳು ದಂಡ ಹಾಕಿದ್ದಾರೆ. ಇಷ್ಟಕ್ಕೂ ಖಾತೆ ಕೆಳಗಿಳಿದದ್ದು ಒಂದು ವಿಮೆಯ ಕಂತು ವರ್ಷವರ್ಷವೂ ಹೋಗುತ್ತಿದ್ದುದರಿಂದ. ಮೊಬೈಲಿಗೆ ಸಂದೇಶ ಕಳಿಸಿದ್ದಕ್ಕೂ ದುಡ್ಡು ಹಿಡಿದಿದ್ದಾರೆ. ಆ ನಂಬರು ನಾನು ಬಿಟ್ಟು ಕಾಲವಾಗಿತ್ತು. ಕೊನೆಗೆ ಯಜಮಾನರ ಚೆಕ್ಕು ಬಂದಾಗ ಅಷ್ಟು ದುಡ್ಡು ಖಾತೆಯಲ್ಲಿ ಉಳಿದಿರಲಿಲ್ಲ. ಚೆಕ್ಕು ತಿರುಗಿ ಹೋಗಿದೆ. ತಿರುಗಿ ಹೋದದ್ದಕ್ಕೂ ದಂಡ ಹಿಡಿದಿದ್ದಾರೆ.

"ವಿಮೆ ನಾನು ಮಾಡ್ಸಿಲ್ಲ ಸರ್."

ಅವನು ಒಳಗಿನಿಂದ ಕಾಗದ ತರಿಸಿ ತೋರಿಸಿದ. "ಮೇಡಂ, ಸೈನ್ ನಿಮ್ದೇ ಅಲ್ವಾ?"

ನನ್ನದೇ. ಆಧಾರ್ ಜೋಡಿಸಬೇಕು ಎಂದು ಕರೆಸಿದ್ದ ದಿನ, ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಕಡೆಯಲ್ಲೆಲ್ಲ ಸಹಿ ಮಾಡಿ ಬಂದಿದ್ದೆ. ಅದರಲ್ಲೊಂದು ವಿಮೆಯದ್ದು. ಅಕ್ಷರಗಳೆಲ್ಲ ಇಂಗ್ಲಿಷಿನಲ್ಲಿದ್ದವು, ತುಂಬಿದ ಕೈ ಬೇರೆಯವರದು. ನನ್ನ ಹಿಂದೆ ಸಾಲು ನಿಂತಿತ್ತು. ಸಾಲಿನವರು ನನ್ನ ಭುಜದ ಮೇಲಿಂದ ಕಾಗದ ನೋಡುತ್ತಿದ್ದರು. "ಹೂಂ, ನಂದೇ" ಎಂದು ಹೇಳಿ ಹೊರಗೆ ಬಂದೆ. ಜಗಳ ಮಾಡುವುದಕ್ಕೂ ಒಂದು ಧೈರ್ಯ ಬೇಕು. ಅದು ಆವತ್ತು ನನ್ನಲ್ಲಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಗಂಡ ಗಿರಣಿಯ ಬೆಲ್ಟಿಗೆ ಎಣ್ಣೆ ಬಿಡುತ್ತಿದ್ದರು. "ಹೋದ್ದು ಹೋತು ಬಿಡು. ಯಜಮಾನ್ರಿಗೆ ಕೊಟ್ಟಾತಲ್ಲ" ಎಂದರು. ಅವರ ಮಾತು ಸರಿಯೇ. ಆದರೆ ನನಗೆ ಕಾಣುತ್ತಿದ್ದುದು ಎಲೆಯಿಂದ ತಲೆ ಎತ್ತಿ ನೋಡಿದ ಬೀಗರ ಮುಖಗಳು. ಕೊಡದ ದುಡ್ಡಿನ ಸೀರೆ ಉಡಿಸಿ ಹುಡುಗಿಯನ್ನು ಕಳಿಸಿದರು ಎಂದು ಗೌರಸಮುದ್ರದಲ್ಲಿ ಆಡಿಕೊಳ್ಳುತ್ತಿದ್ದಾರೆ ಎಂದೇ ನಾನು ನಂಬಿದ್ದೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವಾಗಲೂ ಅದೇ ನೆನಪಾಗಿ ಹಾಡು ತಪ್ಪುತ್ತಿತ್ತು. ನಾದಿನಿ ಫೋನ್ ಮಾಡಿದಾಗ ಅದೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡುತ್ತಿದ್ದೆವು. ಅವಳು ಆ ಮಾತು ಎತ್ತದಿರುವುದೇ ಅಲ್ಲಿ ಅವಳು ಅನುಭವಿಸುತ್ತಿರುವುದಕ್ಕೆ ಸಾಕ್ಷಿ ಎಂದುಕೊಂಡೆ.

ಬ್ಯಾಂಕಿಗೆ ಅರ್ಜಿ ಕೊಟ್ಟೆ. ನಿಯಮದಂತೆ ಕಡಿತವಾಗಿದೆ ಎಂದು ಉತ್ತರ ಬಂತು. ಮೇಲಿನವರಿಗೆ ಬರೆದೆ. ಅಲ್ಲಿಂದಲೂ ಹಾಗೇ ಬಂತು. ಅಷ್ಟರಲ್ಲಿ ಮೊಳಕಾಲ್ಮೂರು ಕೋರ್ಟಿನಲ್ಲಿ ಹೆಂಗಸರಿಗೆ ಕಾನೂನು ನೆರವು ಪುಕ್ಕಟೆ ಸಿಗುತ್ತದೆ ಎಂದು ನಮ್ಮ ಇಲಾಖೆಯ ಮೀಟಿಂಗಿನಲ್ಲಿ ಯಾರೋ ಹೇಳಿದರು. ಒಂದು ಸೋಮವಾರ ಹೋದೆ. ಕೋರ್ಟಿನ ಗೇಟಿನ ಹತ್ತಿರ ಪರಿಚಯದವರು ಕಂಡು, "ಏನ್ ಟೀಚರ್ರೆ, ಇಲ್ಲಿ?" ಎಂದಾಗ, ಜೆರಾಕ್ಸ್ ಮಾಡಿಸೋಕೆ ಬಂದೆ ಎಂದೆ.

ಅಲ್ಲಿ ಸಿಕ್ಕಿದ ವಕೀಲೆಗೆ ನನ್ನ ತಂಗಿಯ ವಯಸ್ಸು. ಕಾಗದಗಳನ್ನೆಲ್ಲ ಹರಡಿಕೊಂಡು ನೋಡಿ, "ಅಕ್ಕಾ, ಇದಕ್ಕೆ ಗ್ರಾಹಕ ಆಯೋಗಕ್ಕೆ ಹೋಗ್ಬೇಕು, ಚಿತ್ರದುರ್ಗಕ್ಕೆ. ಮುಂಚೆ ತಿಳಿಸ್ದೆ ದಂಡ ಹಾಕಂಗಿಲ್ಲ. ವಿಮೆ ಬೇಕಾ ಅಂತ ನಿಮ್ಮನ್ನ ಕೇಳ್ಬೇಕಿತ್ತು, ನಿಮಗೆ ತಿಳಿಯೋ ಭಾಷೇಲಿ ಹೇಳ್ಬೇಕಿತ್ತು" ಎಂದಳು. ಆಮೇಲೆ, "ಇದ್ರಿಂದ ನಿಮ್ಗೆ ಏನು ತೊಂದ್ರೆ ಆತು ಅನ್ನೋದನ್ನೂ ಬರೀಬೇಕು. ಏನಾತು ಹೇಳಿ" ಎಂದಳು.

ಮದುವೆಯ ದಿನದ್ದನ್ನು ಹೇಳಿದೆ. ಅವಳು ಬರೆದುಕೊಳ್ಳುವುದನ್ನು ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ, ಆ ನೇಕಾರರು ಇದನ್ನು ಪ್ರಮಾಣಪತ್ರ ಮಾಡಿ ಕೊಟ್ಟರೆ ಒಳ್ಳೆಯದು ಎಂದಳು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಆ ಮನುಷ್ಯನ ಎದುರು ಮತ್ತೆ ಹೋಗಿ ನಿಲ್ಲಬೇಕು ಎಂದರೆ ಕೇಸೇ ಬೇಡ ಎನಿಸಿತು.

ಆದರೂ ಹೋದೆ. ಹೋಗದೆ ಕೆಲವು ವಾರ ತಳ್ಳಿದ ಮೇಲೆ ಹೋದೆ. ಯಜಮಾನರ ಮನೆ ಮೊಳಕಾಲ್ಮೂರಿನಲ್ಲಿ ಮಗ್ಗಗಳ ಸದ್ದು ಹಗಲೆಲ್ಲ ಕೇಳುವ ಬೀದಿಯಲ್ಲಿದೆ. ಅವರು ಮಗ್ಗದ ಗುಂಡಿಯಿಂದ ಕಾಲು ಮೇಲೆಳೆದುಕೊಂಡು ಚಾಪೆ ಹಾಕಿದರು. ಅವರ ಹೆಂಡತಿ ನೀರು ಕೊಟ್ಟರು. ನಾನು ಬಂದ ಕೆಲಸ ಹೇಳಿದೆ. ಯಜಮಾನರು ಮಗ್ಗದ ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತರು.

"ನನಗೂ ನಾಚ್ಕೆ ಐತಮ್ಮಾ" ಎಂದರು ಕೊನೆಗೆ. "ಈ ಕೈಯಾಗೆ ಎಷ್ಟೋ ಹೆಣ್ಮಕ್ಳಿಗೆ ಮದ್ವೆ ಸೀರೆ ನೆಯ್ದಿದೀನಿ. ಯಾರ ಮದ್ವೆ ಮನೆಗೂ ಹೋಗಿ ದುಡ್ಡು ಕೇಳಿರ್ಲಿಲ್ಲ. ಅದನ್ನ ಈಗ ಪೇಪರ್ ಮೇಲೆ ಬರ್ದು ಸೈನ್ ಹಾಕು ಅಂತೀಯ."

"ಬ್ಯಾಡ ಬಿಡ್ರಿ ಯಜಮಾನ್ರೆ. ನಾನು ಕೇಳಬಾರ್ದಿತ್ತು."

ನಾನು ಏಳುತ್ತಿದ್ದಾಗ ಅವರ ಹೆಂಡತಿ ಒಳಗಿನಿಂದ ತೆಲುಗಿನಲ್ಲಿ ಹೇಳಿದರು: "ಪೋನೀಲೇಂಡಿ, ಆಯಮ್ಮ ಏಂ ಚೇಸ್ತುಂದಿ." ಹೋಗಲಿ ಬಿಡಿ, ಆಕೆ ತಾನೇ ಏನು ಮಾಡಿಯಾಳು ಎಂದು. ಯಜಮಾನರು ಅಂಗಿ ಹಾಕಿಕೊಂಡು ನನ್ನ ಜೊತೆ ಕೋರ್ಟಿನವರೆಗೆ ನಡೆದು ಬಂದರು. ವಕೀಲೆ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದಳು. 'ಮದುವೆ ಮಂಟಪಕ್ಕೆ ಹೋಗಿ ಹಣ ಕೇಳಿರುತ್ತೇನೆ' ಎಂಬ ಸಾಲಿಗೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು. "ಒಳಗೆ ಹೋಗ್ಲಿಲ್ಲಮ್ಮಾ. ಕಂಬದ ಹೊರಗೇ ನಿಂತಿದ್ದೆ. ಹಂಗೆ ಬರಿ." ಹಾಗೆಯೇ ತಿದ್ದಿದ ಮೇಲೆ ಸಹಿ ಹಾಕಿದರು.

ಕೇಸು ಹಾಕಿದ ಸುದ್ದಿ ಊರಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಚಿತ್ರದುರ್ಗದ ಬಸ್ಸಿಗೆ ಕೂತಾಗ ಪ್ರತಿ ಸಲ ಪಕ್ಕದ ಸೀಟಿನಲ್ಲಿದ್ದ ಹೆಂಗಸು, "ಎಷ್ಟು ದುಡ್ಡಂತೆ?" ಎಂದು ಕೇಳುತ್ತಿದ್ದಳು. ಮೊತ್ತ ಹೇಳಿದರೆ, "ಅಷ್ಟಕ್ಕಾ?" ಎನ್ನುತ್ತಿದ್ದಳು. ಹೇಳದಿದ್ದರೆ ಲಕ್ಷಗಟ್ಟಲೆ ಎಂದು ಹೇಳಿಕೊಂಡು ಬರುತ್ತಿದ್ದಳು. ಮಕ್ಕಳನ್ನು ಬಿಡಲು ಬರುವ ತಾಯಂದಿರು ನನ್ನನ್ನು ಕೋರ್ಟ್ ಟೀಚರ್ ಎಂದು ಕರೆಯತೊಡಗಿದರು. ಕೆಟ್ಟದ್ದಕ್ಕಲ್ಲ, ಗುರುತಿಗೆ. ಗಂಡನಿಗೆ ಗಿರಣಿಯಲ್ಲಿ ಚುಚ್ಚುವವರಿದ್ದರು. ಗಂಡ ಅದನ್ನು ನನ್ನ ಎದುರು ಹೇಳಿಕೊಳ್ಳುತ್ತಿರಲಿಲ್ಲ. ಆದರೆ ಕೇಸಿನ ವಾಯಿದೆಯ ದಿನ ಬೆಳಿಗ್ಗೆ, "ಇವತ್ತೂ ಹೋಗ್ಬೇಕಾ?" ಎಂದು ಕೇಳುವ ದನಿಯಲ್ಲಿ ಅದು ತಿಳಿಯುತ್ತಿತ್ತು.

ಮಧ್ಯೆ ಒಂದು ಸಲ ಬ್ಯಾಂಕಿನ ಮ್ಯಾನೇಜರ್ ನನ್ನ ಗಂಡನಿಗೆ ಫೋನ್ ಮಾಡಿದರು. ದಂಡ ಹಿಡಿದದ್ದನ್ನೆಲ್ಲ ವಾಪಸ್ ಹಾಕುತ್ತೇವೆ, ಕೇಸು ಹಿಂದಕ್ಕೆ ತೆಗೆದುಕೊಳ್ಳಿ ಎಂದು.

"ದುಡ್ಡು ಬರ್ತೈತಲ್ಲ, ಮುಗ್ಸು" ಎಂದರು ಗಂಡ.

"ತಪ್ಪು ಅವ್ರದ್ದು ಅಂತ ಬರ್ದು ಕೊಡ್ತಾರಂತಾ?"

"ಅದನ್ನ ತಗಂಡು ಏನು ಮಾಡ್ತೀಯ?"

"ಗೌರಸಮುದ್ರಕ್ಕೆ ಒಯ್ತೀನಿ" ಎಂದೆ. ಅವರು ನನ್ನನ್ನು ನೋಡಿದರು. ಈಗ ಯೋಚಿಸಿದರೆ ಆಗಲೇ ಅವರು ಏನೋ ಹೇಳಬೇಕೆಂದಿದ್ದರು ಅನ್ನಿಸುತ್ತದೆ. ಹೇಳಲಿಲ್ಲ. ನಾನೂ ಕೇಳಲಿಲ್ಲ.

ವಾದ ನಡೆದ ದಿನ ಯಜಮಾನರು ಕರೆಯದೆಯೇ ನನ್ನ ಜೊತೆ ಬಂದರು. ಬರೆದುಕೊಟ್ಟ ಮೇಲೆ ಎದುರಿಗೂ ನಿಲ್ಲಬೇಕು ಎಂಬುದು ಅವರ ಲೆಕ್ಕ. ಆಯೋಗದ ಹಾಲ್ ಸಣ್ಣದು. ಅಧ್ಯಕ್ಷರು, ಅವರ ಪಕ್ಕ ಒಬ್ಬರು ಮಹಿಳಾ ಸದಸ್ಯರು. ಕೆಟ್ಟ ಫ್ರಿಜ್ಜು, ಮೊಳೆಯದ ಬೀಜ, ಬಾರದ ಪರಿಹಾರ ಎಂದು ನಮ್ಮಂಥವರೇ ತುಂಬಿದ್ದರು. ಬ್ಯಾಂಕಿನ ವಕೀಲರು ವಯಸ್ಸಾದವರು, ನಿಧಾನವಾಗಿ ಮಾತಾಡಿದರು.

"ಅರ್ಜಿದಾರರು ಅಂಗನವಾಡಿ ಕಾರ್ಯಕರ್ತೆ, ಸ್ವಾಮಿ. ಊರ ಮಕ್ಕಳಿಗೆ ಅಕ್ಷರ ಹೇಳಿಕೊಡೋರು. ಓದದೆ ಸಹಿ ಮಾಡಿದೆ ಅಂದ್ರೆ ನಂಬೋದು ಹೇಗೆ?"

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಓದಿದ್ರೇನಮ್ಮ?"

"ಇಲ್ಲ ಸರ್."

"ಯಾಕೆ ಓದಲಿಲ್ಲ?"

ವಕೀಲೆ ಇದಕ್ಕೆ ನನಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ಉತ್ತರ. "ಹಿಂದೆ ಜನ ನಿಂತಿದ್ರು ಸರ್. ಟೀಚರ್ ಅಂತ ಅಲ್ಲಿದ್ದೋರಿಗೆ ಗೊತ್ತಿತ್ತು. ನಂಗೆ ಇಂಗ್ಲಿಷ್ ಓದಾಕೆ ಬರಲ್ಲ ಅಂತ ಹೇಳಾಕೆ ನಾಚ್ಕೆ ಆತು."

ಹಾಲ್‌ನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಮಹಿಳಾ ಸದಸ್ಯರು ತಲೆ ತಗ್ಗಿಸಿ ಏನೋ ಬರೆದುಕೊಂಡರು. ಆಮೇಲೆ ಬ್ಯಾಂಕಿನ ವಕೀಲರನ್ನು ಅಧ್ಯಕ್ಷರು ಕೇಳಿದರು: ವಿಮೆ ಏನು ಎತ್ತ ಎಂದು ಈಕೆಗೆ ಕನ್ನಡದಲ್ಲಿ ತಿಳಿಸಿದವರು ಯಾರು, ದಂಡ ಹಾಕುವ ಮುಂಚೆ ಕಳಿಸಿದ ಸೂಚನೆ ಎಲ್ಲಿ. ವಕೀಲರು ಕಾಗದ ತಿರುವಿದರು, ಸಮಯ ಕೇಳಿದರು. ಯಜಮಾನರನ್ನು ಕೇಳಿದ್ದು ಎರಡೇ ಮಾತು. ಚೆಕ್ಕು ತಿರುಗಿ ಬಂದದ್ದು ನಿಜವೇ, ಮದುವೆಯ ದಿನ ಹೋಗಿದ್ದು ನಿಜವೇ ಎಂದು. "ನಿಜ ಸ್ವಾಮಿ" ಎಂದರು. ಕೇಳದಿದ್ದರೂ, "ಆಯಮ್ಮ ಮೋಸಗಾತಿಯಲ್ಲ" ಎಂದು ಸೇರಿಸಿ ಕೈ ಮುಗಿದರು.

ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಊಟಕ್ಕೆ ಕರೆದೆ. ಈ ಸಲ ಮಾಡಿದರು. ದುಡ್ಡು ಮಾತ್ರ ತಾವೇ ಕೊಟ್ಟರು.

ಇನ್ನೂ ಕೆಲವು ವಾಯಿದೆಗಳಾಗಿ ತೀರ್ಪು ನನ್ನ ಕಡೆಗೆ ಬಂತು. ಹಿಡಿದ ದಂಡವೆಲ್ಲ ವಾಪಸ್, ವಿಮೆಯ ಕಂತು ಬಡ್ಡಿ ಸಮೇತ ವಾಪಸ್, ಮಾನಸಿಕ ನೋವಿಗೆ ಇಷ್ಟು, ಓಡಾಟದ ಖರ್ಚಿಗೆ ಇಷ್ಟು. ಸೇವೆಯಲ್ಲಿ ಲೋಪ ಎಸಗಿರುವುದು ಸಾಬೀತಾಗಿದೆ ಎಂಬ ಸಾಲನ್ನು ವಕೀಲೆ ಓದಿ ಹೇಳಿ, "ಗೆದ್ರಿ ಅಕ್ಕಾ" ಎಂದಳು. ಬ್ಯಾಂಕು ಮೇಲ್ಮನವಿ ಹಾಕಲಿಲ್ಲ. ದುಡ್ಡು ಖಾತೆಗೆ ಬಂತು. ಮುಯ್ಯಿಯಿಂದ ತೆಗೆದದ್ದನ್ನು ಗಂಡನ ಕೈಗೆ ಕೊಟ್ಟೆ. ತೀರ್ಪನ್ನು ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಹೂವು ಹಣ್ಣು ತೆಗೆದುಕೊಂಡು ಗೌರಸಮುದ್ರದ ಬಸ್ಸು ಹತ್ತಿದೆ. ಗಂಡನಿಗೆ ಗಿರಣಿ ಬಿಟ್ಟು ಬರಲಾಗಲಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಹೋದೆ. ಅಷ್ಟು ದಿನಗಳಲ್ಲಿ ನೆಟ್ಟಗೆ ಕೂತು ಪ್ರಯಾಣ ಮಾಡಿದ್ದು ಅದೊಂದೇ ಸಲ.

ಬೀಗರು ಜಗಲಿಯ ಮೇಲೆ ಶೇಂಗಾ ಬಿಡಿಸುತ್ತಿದ್ದರು. ನಾದಿನಿಯ ಅತ್ತೆ ಎದ್ದು ಬಂದು ಕೈ ಹಿಡಿದು ಕೂರಿಸಿದರು. ಮಾವ ಊರ ಸಮಾಚಾರ ಕೇಳಿದರು. ನಾದಿನಿ ಒಳಗೆ ಚಹಾ ಇಡುತ್ತಿದ್ದಳು. ಅವಳು ಬಾಗಿಲಿಗೆ ಬರುವುದನ್ನೇ ಕಾದಿದ್ದು, ನಾನು ಕವರಿನಿಂದ ತೀರ್ಪು ತೆಗೆದೆ.

"ಅತ್ತೆಮ್ಮ, ಮದ್ವೆ ದಿನ ನಮ್ಮ ಮನೆ ಮುಂದೆ ನಡೆದದ್ದಕ್ಕೆ ನಿಮ್ಮ ಮುಂದೆ ಮುಖ ಎತ್ತಂಗಿರ್ಲಿಲ್ಲ. ಈಗ ಕೋರ್ಟೇ ಹೇಳೈತೆ, ನೋಡ್ರಿ. ತಪ್ಪು ನಮ್ದಲ್ಲ."

"ಏನು ನಡೀತು ಅವತ್ತು?" ಎಂದರು ಅತ್ತೆಮ್ಮ.

ಬಾಗಿಲಲ್ಲಿ ನಾದಿನಿ ತಲೆ ಅಲ್ಲಾಡಿಸಿದಳು. ನಾನು ನೋಡಿದೆ. ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳುತ್ತಿದ್ದಾಳೆ ಎಂದುಕೊಂಡು ಮುಂದುವರಿಸಿದೆ. ಚೆಕ್ಕು ತಿರುಗಿದ್ದು, ಯಜಮಾನರು ಬಂದದ್ದು, ಮುಯ್ಯಿ ದುಡ್ಡು ತೆಗೆದು ಕೊಟ್ಟದ್ದು, ಎಲ್ಲವನ್ನೂ ಹೇಳಿದೆ. ಪ್ರತಿಯೊಂದಕ್ಕೂ ಬ್ಯಾಂಕು ಹೇಗೆ ಕಾರಣ ಎಂದು ಬೆರಳಿಟ್ಟು ತೋರಿಸಿದೆ. ಅವರು ಕಾಗದ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು ಎಂಬುದು ನನಗೆ ತಡವಾಗಿ ಗೊತ್ತಾಯಿತು.

ಮಾವ ಬಾಗಿಲ ಕಡೆ ತಿರುಗಿದರು. "ಆ ಮುದುಕ ರವಿಕೆ ಬಟ್ಟೆ ಕೊಡಾಕೆ ಬಂದಿದ್ದ ಅಂದಿದ್ಯಲ್ಲವ್ವ."

ಒಲೆಯ ಮೇಲೆ ಚಹಾ ಉಕ್ಕಿದ ವಾಸನೆ ಬಂತು, ನಾದಿನಿ ಒಳಗೆ ಹೋದಳು.

ಅವರಿಗೆ ಏನೂ ಗೊತ್ತಿರಲಿಲ್ಲ. ತಲೆ ಎತ್ತಿ ನೋಡಿದ್ದು ನಮ್ಮ ದೊಡ್ಡಪ್ಪನ ಮಗನ ದೊಡ್ಡ ದನಿಗೆ. ಜೀಪಿನಲ್ಲಿ ಯಾರೋ ಆ ಮುದುಕ ಯಾಕೆ ಬಂದಿದ್ದ ಎಂದು ಕೇಳಿದಾಗ ನಾದಿನಿ ಒಂದು ಸಣ್ಣ ಮಾತು ಹೇಳಿ ಮುಚ್ಚಿಬಿಟ್ಟಿದ್ದಳು. ಮುಚ್ಚಿದ್ದು ತನಗಾಗಿ ಅಲ್ಲ, ತವರಿಗಾಗಿ, ಅದರಲ್ಲೂ ನನಗಾಗಿ. ಅಷ್ಟೆಲ್ಲ ಕಾಲ ಆ ಮಾತು ಗಟ್ಟಿಯಾಗಿ ಉಳಿದುಕೊಂಡಿತ್ತು. ನಾನು ಹೂವು ಹಣ್ಣಿನ ಜೊತೆ ಸರಕಾರಿ ಮೊಹರು ಹಾಕಿಸಿಕೊಂಡು ಬಂದು ಅದನ್ನು ಬಿಚ್ಚಿಟ್ಟಿದ್ದೆ.

ಅತ್ತೆಮ್ಮ ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟರು. "ಆತು ಬಿಡವ್ವ. ಊಟ ಮಾಡ್ಕಂಡು ಹೋಗು" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮುದ್ದೆ, ಕಾಳಿನ ಸಾರು. ನಾದಿನಿ ಬಡಿಸಿದಳು, ಇನ್ನೊಂದು ಸ್ವಲ್ಪ ಹಾಕಲಾ ಎಂದು ಕೇಳಿದಳು, ಅಷ್ಟೇ. ಬಸ್ ನಿಲ್ದಾಣದವರೆಗೆ ಜೊತೆಗೆ ಬಂದಳು.

"ಯಾಕೆ ತಂದೆ ಅತ್ತಿಗೆ ಅದನ್ನ?"

"ನಿಂಗೆ ಇಲ್ಲಿ ಮಾತು ಬರ್ತೈತೆ ಅನ್ಕಂಡೆ."

"ಒಂದು ಫೋನ್ ಮಾಡಿ ಕೇಳಬಾರ್ದಿತ್ತಾ?"

ಕೇಳಬಹುದಿತ್ತು. ಕೇಸಿಗಾಗಿ ಎಷ್ಟೋ ಜನರ ಎದುರು ಹೇಳಿದ ಕಥೆಯನ್ನು ಅವಳೊಬ್ಬಳ ಜೊತೆ ಮಾತ್ರ ನಾನು ಆಡಿರಲಿಲ್ಲ. ಬಸ್ಸು ಬಂದಾಗ ಅವಳು ಕೈ ಎತ್ತಿದಳು, ನಾನು ಹತ್ತಿದೆ.

ಮನೆಯಲ್ಲಿ ಗಂಡ ಎಲ್ಲ ಕೇಳಿಸಿಕೊಂಡರು. "ಅವ್ಳು ನನಗೆ ಆವಾಗ್ಲೇ ಹೇಳಿದ್ಲು, ಹಿಂಗೆ ಹೇಳೀನಿ ಅಂತ" ಎಂದರು. "ನಿಂಗೆ ಹೇಳಿದ್ರೆ, ನನ್ನಿಂದ ಅವ್ಳು ಸುಳ್ಳು ಹೇಳ್ಬೇಕಾತು ಅಂತ ಜೀವನಪೂರ್ತಿ ಕೊರಗ್ತೀಯ ಅಂತ ಸುಮ್ಕಿದ್ದೆ. ತೀರ್ಪು ನಿಜವಾಗ್ಲೂ ಒಯ್ತೀಯ ಅನ್ಕಂಡಿರ್ಲಿಲ್ಲ." ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ತೀರ್ಪಿನ ಕವರನ್ನು ಟ್ರಂಕಿನ ತಳಕ್ಕೆ ಸೇರಿಸಿದೆ.

ಆ ಯುಗಾದಿಗೆ ನಾದಿನಿ ಬರಲಿಲ್ಲ. ಗಂಡನಿಗೆ ಕೆಲಸ ಎಂದು ಫೋನಿನಲ್ಲಿ ಹೇಳಿದಳು. ಅತ್ತೆ, ಅಂದರೆ ನನ್ನ ಗಂಡನ ಅವ್ವ, ಒಬ್ಬಟ್ಟು ಕಟ್ಟಿ ಬಸ್ಸಿಗೆ ಕೊಟ್ಟು ಕಳಿಸಿದರು. ಆಮೇಲೆ ಅವಳು ಬಸುರಿಯಾದ ಸುದ್ದಿ ಬಂತು. ಚೊಚ್ಚಲ ಹೆರಿಗೆಗೆ ತವರಿಗೆ ಬರಲೇಬೇಕಲ್ಲ, ಬಂದಳು. ಗಂಡು ಮಗು. ಬಾಣಂತನ ನಾನೇ ಮಾಡಿದೆ. ನೀರು ಕಾಯಿಸಿ ಎರೆಯುವುದು, ಸಾಂಬ್ರಾಣಿ ಹಾಕುವುದು, ಖಾರದ ಸಾರು ಮಾಡುವುದು. ಕೈಗೆ ಕೆಲಸವಿದ್ದಾಗ ಬಾಯಿ ಬಿಡದಿದ್ದರೂ ನಡೆಯುತ್ತದೆ. ಹಾಗೇ ಕೆಲವು ದಿನ ಕಳೆದವು.

ಒಂದು ಬೆಳಿಗ್ಗೆ ಅವಳ ತಲೆಗೆ ಎಣ್ಣೆ ತಿಕ್ಕುತ್ತಿದ್ದಾಗ ಅವಳೇ ಮಾತು ತೆಗೆದಳು. "ಆವತ್ತು ನೀನು ಹೋದ್ಮೇಲೆ ನಮ್ಮತ್ತೆ ನನ್ನ ಜೊತೆ ಸರಿಯಾಗಿ ಮಾತಾಡ್ಲಿಲ್ಲ ಅತ್ತಿಗೆ. ಸೀರೆಗೆ ದುಡ್ಡು ಕೊಟ್ಟಿರ್ಲಿಲ್ಲ ಅಂತಲ್ಲ. ಬಂದ ದಿನಾನೇ ಸುಳ್ಳು ಹೇಳ್ದೆ ಅಂತ."

"ಈಗ?"

"ಈಗ ಚೆನ್ನಾಗವ್ರೆ. ಆದ್ರೆ ನಾನು ಏನು ಹೇಳಿದ್ರೂ ಇನ್ನೊಬ್ರನ್ನ ಕೇಳ್ತಾರೆ. ಹಾಲು ಕಾಸಿದೀನಿ ಅಂದ್ರೂ ಹೋಗಿ ನೋಡ್ತಾರೆ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ, ಆ ಮನೆಯ ಒಂದು ಅಭ್ಯಾಸವನ್ನು ಹೇಳುವಂತೆ ಹೇಳಿದಳು. ನನ್ನ ಕೈ ಅವಳ ತಲೆಯ ಮೇಲೆ ನಿಂತುಹೋಯಿತು. "ತಪ್ಪಾತು ಕಣೆ" ಎಂದೆ. "ಎಣ್ಣೆ ಕಣ್ಣಿಗೆ ಇಳೀತೈತೆ, ತಿಕ್ಕು" ಎಂದಳು.

ತೊಟ್ಟಿಲು ಶಾಸ್ತ್ರಕ್ಕೆ ಗೌರಸಮುದ್ರದಿಂದ ಎಲ್ಲರೂ ಬಂದರು. ಮಗುವಿಗೆ ಹೆಸರಿಟ್ಟು, ಹೆಂಗಸರು ತೊಟ್ಟಿಲ ಸುತ್ತ ಕೂತಿದ್ದರು. ಅತ್ತೆಮ್ಮ ಮೊಮ್ಮಗನನ್ನು ಎತ್ತಿಕೊಂಡು, "ಹಾಲು ಸರಿಯಾಗಿ ಕುಡೀತಾನಾ?" ಎಂದು ಸೊಸೆಯನ್ನು ಕೇಳಿದರು.

"ಕುಡೀತಾನೆ ಅತ್ತೆ."

ಅವರು ನನ್ನ ಕಡೆ ತಿರುಗಿದರು. "ಹೌದೇನವ್ವ?"

ನಾದಿನಿ ಸೀರೆಯ ಅಂಚು ಸರಿಮಾಡಿಕೊಳ್ಳುತ್ತ ನೆಲ ನೋಡಿದಳು.

"ಅವ್ಳು ಹೇಳಿದ್ದೇ ನಿಜ ಅತ್ತೆಮ್ಮ" ಎಂದೆ. "ನನ್ನ ಕೇಳೋ ಅಂಥದ್ದೇನಿಲ್ಲ."

ಅತ್ತೆಮ್ಮ ನನ್ನನ್ನು ನೋಡಿ, ಸೊಸೆಯ ಕಡೆ ತಿರುಗಿದರು. ಮಗು ಅಳಲು ಶುರುಮಾಡಿತು. ಅದನ್ನು ಭುಜಕ್ಕೆ ಹಾಕಿಕೊಂಡು, ಬೆನ್ನು ತಟ್ಟುತ್ತ, ಬಾಗಿಲ ಮುಂದೆ ಹಾಕಿದ್ದ ಚಪ್ಪರದ ನೆರಳಿಗೆ ನಡೆದರು.